ದಾಳವಿಲ್ಲದ ದುರ್ಯೋಧನ, ಭಾಗವತನಿಲ್ಲದ ಚೌಕಾಬಾರ: 'ಡಿ ಅಂಡ್ ಡಿ' ಅಂದ್ರೆ ಅಸಲಿಗೆ ಏನು?

ನೆಟ್‌ಫ್ಲಿಕ್ಸ್‌ನ 'ಸ್ಟ್ರೇಂಜರ್ ಥಿಂಗ್ಸ್' ನೋಡಿದವರಿಗೆ ಗೊತ್ತಿರುತ್ತೆ. 2016ರಲ್ಲಿ ಬಂದ ಅದರ ಮೊದಲ ಕಂತಿನಲ್ಲೇ ನಾಲ್ಕು ಹುಡುಗರು ನೆಲಮಾಳಿಗೆಯಲ್ಲಿ ಮೇಜಿನ ಸುತ್ತ ಕೂತಿರುತ್ತಾರೆ. ಒಬ್ಬ ಕಥೆ ಹೇಳ್ತಾನೆ, ಉಳಿದ ಮೂವರು ಕಿರುಚಾಡ್ತಾರೆ, ದಾಳ ಉರುಳುತ್ತೆ. 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಅನ್ನೋ ಆಟವನ್ನು ನಮ್ಮಲ್ಲಿ ಬಹಳ ಜನ ಮೊದಲು ಕಂಡದ್ದು ಅಲ್ಲೇ. ಕಂಡವರು ಕೇಳೋ ಪ್ರಶ್ನೆಯೂ ಹೆಚ್ಚುಕಮ್ಮಿ ಒಂದೇ: ಇದರಲ್ಲಿ ಆಟ ಎಲ್ಲಿದೆ? ನಡೆಸೋಕೆ ಮನೆ ಇಲ್ಲ, ಎದುರಾಳಿ ಇಲ್ಲ, ಗೆದ್ದವರು ಯಾರು ಅಂತ ಕೊನೆಗೂ ಗೊತ್ತಾಗಲ್ಲ.

ದಡ್ಡ ಪ್ರಶ್ನೆ ಅಲ್ಲ ಅದು. 2023ರ ಜನವರಿಯಲ್ಲಿ ಈ ಆಟದ ಒಡೆತನ ಇಟ್ಟುಕೊಂಡಿರುವ ಕಂಪನಿಯೂ ಅದರ ಲಕ್ಷಾಂತರ ಆಟಗಾರರೂ ಬಹಿರಂಗವಾಗಿ ಜಗಳಕ್ಕೆ ಬಿದ್ದದ್ದು ಇದೇ ಪ್ರಶ್ನೆಯ ಇನ್ನೊಂದು ರೂಪದ ಮೇಲೆ. ಈ ಆಟ ಅಂದ್ರೆ ಯಾವುದು? ಪುಸ್ತಕವಾ, ನಿಯಮವಾ, ರಾಕ್ಷಸರ ಹೆಸರುಗಳಾ? ಅದು ಯಾರ ಸ್ವತ್ತು?

ಅಮೆರಿಕದ ವಕೀಲರ ಭಾಷೆಯಲ್ಲಿ ಇದನ್ನು ಬಿಡಿಸಿ ಹೇಳೋದು ಕಷ್ಟ. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಶೆಟ್ಟಿಕೆರೆ ಕಡೆಯ ಉದಾಹರಣೆ ಇಟ್ಟುಕೊಂಡರೆ ಸುಲಭ. ಇಂಜಿನಿಯರಿಂಗ್ ಓದಿದವರಿಗೆ ಒಂದು ಚಾಳಿ ಇರುತ್ತೆ. ಯಂತ್ರ ಏನು ಅಂತ ತಿಳೀಬೇಕು ಅಂದ್ರೆ ಒಂದೊಂದೇ ಭಾಗ ಕಳಚಿ, ಯಾವುದು ಕಳಚಿದಾಗ ಅದು ನಿಲ್ಲುತ್ತೆ ಅಂತ ನೋಡೋದು. ಅದನ್ನೇ ಇಲ್ಲಿ ಮಾಡೋಣ.

ಪಾತ್ರ ಇದೆ, ಅನುಮಾನ ಇಲ್ಲ

ಶೆಟ್ಟಿಕೆರೆ, ತಿಪಟೂರು, ತುರುವೇಕೆರೆ ಸುತ್ತಿನ ತೆಂಗಿನ ಸೀಮೆಯಲ್ಲಿ ಹಬ್ಬ, ಜಾತ್ರೆ ಬಂತಂದ್ರೆ ಯಾವುದಾದರೂ ಊರಲ್ಲಿ 'ಕುರುಕ್ಷೇತ್ರ' ನಾಟಕದ ಬ್ಯಾನರ್ ಕಾಣುತ್ತೆ. ಕಂಪನಿ ನಾಟಕದ ಗಾಳಿ ಬೀಸಿದ ಜಿಲ್ಲೆ ಇದು. ಪಕ್ಕದ ಗುಬ್ಬಿಯಲ್ಲಿ ಕಂಪನಿ ಹುಟ್ಟಿದ್ದು 1884ರಲ್ಲಿ. ಈಗ ಆಡೋರು ಊರಿನವರೇ: ತೋಟದವರು, ಅಂಗಡಿಯವರು, ಮೇಷ್ಟ್ರು, ಕೊಬ್ಬರಿ ವ್ಯಾಪಾರ ಮಾಡೋರು. ಕೃಷ್ಣ, ದುರ್ಯೋಧನ, ಭೀಮ, ಕರ್ಣ, ಹೀಗೆ ಪಾತ್ರದ ತೂಕ ನೋಡಿ ರೇಟು. ಪಾತ್ರ ಮಾಡುವವನೇ ದುಡ್ಡು ಕೊಟ್ಟು ಪಾತ್ರ ತಗೋತಾನೆ. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಕೂತು ಮಾತು, ಕಂದ, ಹಾಡು ಎಲ್ಲ ಬಾಯಿಪಾಠ ಮಾಡಿಸ್ತಾರೆ. ಆ ಒಂದು ರಾತ್ರಿ ಕಿರೀಟ ಹೊತ್ತು, ಗದೆ ಹಿಡಿದು, ದುರ್ಯೋಧನ ಆಗಿ ಗುಡುಗೋಕೆ ಜನ ಏನೆಲ್ಲ ಖರ್ಚು ಮಾಡ್ತಾರೆ ಅನ್ನೋದನ್ನು ಈ ಕಡೆಯವರಿಗೆ ಹೇಳಬೇಕಾಗಿಲ್ಲ.

ಇನ್ನೊಬ್ಬನಾಗುವ ಆಸೆ ಅಮೆರಿಕದಿಂದ ಬಂದದ್ದಲ್ಲ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಆದ್ರೆ ಕುರುಕ್ಷೇತ್ರ ನಾಟಕದಲ್ಲಿ ದುರ್ಯೋಧನ ಏನು ಮಾಡಬೇಕು ಅನ್ನೋದು ಮೊದಲೇ ತೀರ್ಮಾನ ಆಗಿದೆ. ಸಂಧಿಗೆ ಬಂದ ಕೃಷ್ಣನಿಗೆ 'ಆಯ್ತು ಬಿಡಪ್ಪ, ಐದು ಗ್ರಾಮ ತಾನೆ, ತಗೊಂಡು ಹೋಗು' ಅಂದುಬಿಟ್ಟರೆ ಆ ರಾತ್ರಿ ಸೀನರಿಯವನಿಗೂ ಕೆಲಸ ಇಲ್ಲ. ಜನ 'ಒನ್ಸ್ ಮೋರ್' ಕೂಗಿದಾಗ ಸತ್ತ ಪಾತ್ರ ಎದ್ದು ಇನ್ನೊಂದು ಸಲ ಹಾಡಿ ಮತ್ತೆ ಸತ್ತ ಜೋಕು ಎಲ್ಲ ಊರಲ್ಲೂ ಇದೆ. ಎದ್ದವನು ಸಹ ಮತ್ತೆ ಸಾಯಲೇಬೇಕು, ನೋಡಿ.

ಅನುಮಾನ ಇದೆ, ಪಾತ್ರ ಇಲ್ಲ

ಅದೇ ಊರಿನ ಜಗುಲಿ ಮೇಲೆ ಚೌಕಾಬಾರ. ಐದೈದು ಮನೆ, ನಾಲ್ಕು ಕವಡೆ. ಕವಡೆ ಇಲ್ಲದಿದ್ರೆ ಒಂದು ಮೈ ತೇಯ್ದ ಹುಣಸೆ ಬೀಜ. ಇಲ್ಲಿ ಮುಂದೇನು ಅಂತ ಯಾರಿಗೂ ಗೊತ್ತಿಲ್ಲ. ಹಣ್ಣಾಗೋಕೆ ಒಂದೇ ಮನೆ ಬಾಕಿ ಇದ್ದಾಗ ಗರ ಬೀಳದೆ ಅರ್ಧ ಗಂಟೆ ಒದ್ದಾಡಿದವರೆಲ್ಲ ಇದನ್ನು ಒಪ್ತಾರೆ.

ಲೆಕ್ಕ ಹಾಕಿದರೆ ಒಂದು ಮಜಾ ಇದೆ. ಪ್ರತಿ ಕವಡೆಯೂ ಮಗುಚಲು ಅಂಗಾತ ಬೀಳಲು ಸಮ ಸಾಧ್ಯತೆ ಅಂತ ಇಟ್ಟುಕೊಂಡರೆ, ನಾಲ್ಕು ಕವಡೆಗೆ ಒಟ್ಟು 16 ಬಗೆ. ಅದರಲ್ಲಿ ಚೌಕ ಒಂದು ಬಗೆ, ಬಾರ ಒಂದು ಬಗೆ. ಅಂದ್ರೆ ತಲಾ ಶೇ. 6.25. ಡಿ ಅಂಡ್ ಡಿ ಆಡೋರು ಪ್ರಾಣ ಬಿಡುವ 20 ಮುಖದ ದಾಳದಲ್ಲಿ 20 ಬೀಳೋ ಸಾಧ್ಯತೆ ಶೇ. 5. ಚೌಕ ಬಿದ್ದಾಗ ಜಗುಲಿಯಲ್ಲಿ ಏಳುವ ಕೂಗೂ ಆ ದಾಳದಲ್ಲಿ 20 ಬಿದ್ದಾಗ ಮೇಜಿನ ಸುತ್ತ ಏಳುವ ಕೂಗೂ ಗಣಿತದ ದೃಷ್ಟಿಯಿಂದ ಅಕ್ಕಪಕ್ಕದ ಮನೆಯವು. (ಕವಡೆ ನಿಜಕ್ಕೂ ಸಮನಾಗಿ ಬೀಳಲ್ಲ, ಅದರ ಆಕಾರವೇ ಹಾಗೆ. ಹುಣಸೆ ಬೀಜವಂತೂ ತೇಯ್ದವನ ಮರ್ಜಿ.)

ಆದ್ರೆ ಚೌಕಾಬಾರದ ಕಾಯಿಗೆ ಹೆಸರಿಲ್ಲ. ಎದುರು ಕಾಯಿ ಕಡಿಯೋ ಹಾಗಿದ್ರೂ 'ಇದನ್ನು ಕಡಿಯಲ್ಲ, ಇದರ ಜೊತೆ ಮಾತಾಡಿ ದಾರಿ ಕೇಳ್ತೀನಿ' ಅನ್ನೋಕೆ ಬರಲ್ಲ. ನಿಯಮದಲ್ಲಿ ಇರುವಷ್ಟೇ ಆಟ, ಅದರಾಚೆ ಗೋಡೆ.

ಮಾತಿಗೆ ಸ್ವಾತಂತ್ರ್ಯ, ವಿಧಿಗೆ ಇಲ್ಲ

ಕನ್ನಡದಲ್ಲಿ ಈ ಆಟಕ್ಕೆ ತೀರಾ ಹತ್ತಿರದ್ದು ಬಯಲುಸೀಮೆಯದ್ದಲ್ಲ. ಅದನ್ನು ನೋಡಬೇಕಂದ್ರೆ ಘಟ್ಟ ಇಳೀಬೇಕು. ಕರಾವಳಿ, ಮಲೆನಾಡು, ಕಾಸರಗೋಡು ಕಡೆಯ ತಾಳಮದ್ದಲೆಯಲ್ಲಿ ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪ್ರಸಂಗದ ಪದ್ಯ ಹಾಡ್ತಾರೆ, ಸುತ್ತ ಕೂತ ಅರ್ಥಧಾರಿಗಳು ತಂತಮ್ಮ ಪಾತ್ರವಾಗಿ ಆ ಕ್ಷಣಕ್ಕೆ ಹುಟ್ಟಿದ ಮಾತಲ್ಲಿ ವಾದಕ್ಕಿಳೀತಾರೆ. ಬರೆದ ಸಂಭಾಷಣೆ ಇಲ್ಲ. ಎದುರಿನವನು ಏನು ಕೇಳ್ತಾನೋ ಗೊತ್ತಿಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರಂಥವರು (1918–2006) ವಾಲಿಯಾಗಿ ಕೂತರೆ ರಾಮನ ಪಾತ್ರಧಾರಿ ಬೆವರಬೇಕಾಗಿತ್ತು.

ಹೊಸಬನಿಗೆ ಡಿ ಅಂಡ್ ಡಿ ವಿವರಿಸಬೇಕಾದರೆ ನಾನು ಇದನ್ನೇ ಹೇಳೋದು: ಮೇಜಿನ ಸುತ್ತ ತಾಳಮದ್ದಲೆ, ಆದ್ರೆ ವಾಲಿ ಬದುಕಿಕೊಳ್ಳಬಹುದು. ತಾಳಮದ್ದಲೆಯ ವಾಲಿ ವಾದದಲ್ಲಿ ಗೆಲ್ಲಬಹುದು, ಪ್ರಸಂಗದಲ್ಲಿ ಗೆಲ್ಲೋ ಹಾಗಿಲ್ಲ. ಬಾಣ ತಾಗೇ ತಾಗುತ್ತೆ. ಡಿ ಅಂಡ್ ಡಿಯಲ್ಲಿ ಬಾಣ ತಾಗುತ್ತಾ ಅಂತ ದಾಳ ಕೇಳಬೇಕು. ಅದಕ್ಕೂ ಮೊದಲು, 'ನಾನು ಸುಗ್ರೀವನ ಜೊತೆ ಜಗಳಕ್ಕೇ ಹೋಗಲ್ಲ, ರಾತ್ರಿ ಕಾಡಿಗಿಳಿದು ಆ ಇಬ್ಬರು ಹೊಸಬರು ಯಾರು ಅಂತ ನೋಡಿಕೊಂಡು ಬರ್ತೀನಿ' ಅಂತ ವಾಲಿ ಹೇಳಿದರೆ ಭಾಗವತ ಆ ದಾರಿಯಲ್ಲೇ ಕಥೆ ಹರಿಸಬೇಕು. ಇಲ್ಲಿ ಭಾಗವತನ ಹೆಸರು ಡಂಜನ್ ಮಾಸ್ಟರ್. ಹಾರ್ಮೋನಿಯಂ ಮೇಷ್ಟ್ರಿಗೂ ಇವನಿಗೂ ಇರುವ ವ್ಯತ್ಯಾಸ ದೊಡ್ಡದು. ಮೇಷ್ಟ್ರು ನೀವು ದಾರಿ ತಪ್ಪದ ಹಾಗೆ ನೋಡಿಕೊಳ್ತಾರೆ. ಇವನ ಕೆಲಸ, ನೀವು ತಪ್ಪಿದ ದಾರಿಯಲ್ಲಿ ಏನಿದೆ ಅಂತ ಹೇಳೋದು.

ಯುದ್ಧವೇ ನಡೆಯದ ಯುದ್ಧದಾಟ

ಈ ರೂಪ ಹುಟ್ಟಿದ್ದೂ ಒಬ್ಬ ತೀರ್ಪುಗಾರನ ತಬ್ಬಿಬ್ಬಿನಿಂದ. 1824ರಲ್ಲಿ ಪ್ರಷ್ಯಾದ ಸೇನೆ ಅಧಿಕಾರಿಗಳ ತರಬೇತಿಗೆ ನಕ್ಷೆಯ ಮೇಲಿನ ಯುದ್ಧದಾಟವೊಂದನ್ನು ಒಪ್ಪಿಕೊಂಡಿತು. ಹೆಸರು ಕ್ರೀಗ್ಸ್‌ಸ್ಪೀಲ್. ಕೋಷ್ಟಕ, ದಾಳ, ಉದ್ದುದ್ದ ನಿಯಮ. 1876ರಲ್ಲಿ ವೆರ್ಡಿ ಡು ವೆರ್ನ್ವಾ ಎಂಬ ಸೇನಾಧಿಕಾರಿ ಕೋಷ್ಟಕಗಳನ್ನು ಪಕ್ಕಕ್ಕಿಟ್ಟು, ಅನುಭವಿ ತೀರ್ಪುಗಾರನ ವಿವೇಚನೆಗೇ ಬಿಡೋಣ ಅಂದ. ಎಲ್ಲವನ್ನೂ ನಿಯಮವಾಗಿ ಬರೆಯೋಕೆ ಆಗಲ್ಲ, ಹಾಗಾಗಿ ಮನುಷ್ಯನೊಬ್ಬ ಬೇಕು ಅನ್ನೋ ಯೋಚನೆಯ ಬೇರು ಇಲ್ಲಿದೆ.

1969ರಲ್ಲಿ ಅಮೆರಿಕದ ಮಿನೆಸೋಟದಲ್ಲಿ ಡೇವಿಡ್ ವೆಸ್ಲಿ ಎಂಬಾತ ನೆಪೋಲಿಯನ್ ಕಾಲದ ಯುದ್ಧದಾಟವೊಂದನ್ನು ಹೂಡಿದ. ಬ್ರೌನ್‌ಸ್ಟೈನ್ ಅನ್ನೋ ಕಾಲ್ಪನಿಕ ಊರು, ಅದರ ಆಚೀಚೆ ಎರಡು ಸೇನೆ. ಬಂದಿದ್ದ ಆಟಗಾರರು ಹೆಚ್ಚಿದ್ದರಿಂದ ಉಳಿದವರಿಗೆ ಊರಿನ ಮೇಯರು, ಬ್ಯಾಂಕಿನವನು, ವಿಶ್ವವಿದ್ಯಾಲಯದ ಮುಖ್ಯಸ್ಥ ಅಂತ ಒಂದೊಂದು ಪಾತ್ರ ಹಂಚಿದ. ಸೇನೆಗಳು ಎದುರುಬದುರು ಆಗೋದಕ್ಕೆ ಮೊದಲೇ ಊರಿನವರು ತಮ್ಮತಮ್ಮಲ್ಲೇ ಒಳಸಂಚು ಶುರುಮಾಡಿದರು. ಒಬ್ಬೊಬ್ಬರೇ ಬಂದು ವೆಸ್ಲಿಯ ಕಿವಿಯಲ್ಲಿ ನಾನು ಹೀಗೆ ಮಾಡ್ತೀನಿ, ಹಾಗೆ ಮಾಡ್ತೀನಿ ಅನ್ನತೊಡಗಿದರು. ಇಬ್ಬರಂತೂ ದ್ವಂದ್ವಯುದ್ಧಕ್ಕೇ ನಿಂತರು. ಅದಕ್ಕೆ ನಿಯಮವೇ ಇರಲಿಲ್ಲ. ವೆಸ್ಲಿ ಅಲ್ಲೇ ಏನೋ ಒಂದು ಹೊಸೆದು ದಾಳ ಉರುಳಿಸಿದ. ಸೇನೆಗಳ ಯುದ್ಧ ನಡೆಯಲೇ ಇಲ್ಲ. ಆಟ ಕೆಟ್ಟುಹೋಯ್ತು ಅಂತ ವೆಸ್ಲಿಗೆ ಬೇಜಾರು. ಆಡಿದವರು ಇನ್ನೊಮ್ಮೆ ಅದನ್ನೇ ಆಡೋಣ ಅಂತ ದುಂಬಾಲು ಬಿದ್ದರು.

ಆ ಗುಂಪಿನಲ್ಲಿದ್ದ ಡೇವ್ ಆರ್ನೆಸನ್ 1971ರ ಹೊತ್ತಿಗೆ ಅದೇ ಬಗೆಯ ಆಟವನ್ನು ನೆಲಮಾಳಿಗೆಯ ಸುರಂಗ, ಮಾಟಮಂತ್ರಗಳ ಲೋಕಕ್ಕೆ ಒಯ್ದ. ಗ್ಯಾರಿ ಗೈಗ್ಯಾಕ್ಸ್ ಜೊತೆ ಸೇರಿ 1974ರಲ್ಲಿ ಮೂರು ಸಣ್ಣ ಪುಸ್ತಕಗಳ ಪೆಟ್ಟಿಗೆ ಹೊರತಂದ. ಮೊದಲ ಮುದ್ರಣ 1,000 ಪ್ರತಿ. ಆ ಪುಸ್ತಕಗಳಲ್ಲಿ ಡಂಜನ್ ಮಾಸ್ಟರ್ ಅನ್ನೋ ಹೆಸರಿನ್ನೂ ಇಲ್ಲ, 'ರೆಫರಿ' ಅಷ್ಟೇ. ಪುಸ್ತಕದ ಕೊನೆಯಲ್ಲಿ ಲೇಖಕರೇ, ಉಳಿದದ್ದನ್ನು ನೀವೇ ಕಲ್ಪಿಸಿಕೊಳ್ಳಿ ಅನ್ನೋ ಅರ್ಥದ ಮಾತು ಹೇಳ್ತಾರೆ. ಕೆಲವೇ ವರ್ಷದಲ್ಲಿ, ಆಟಕ್ಕೆ ದುಡ್ಡು ಬರೋಕೆ ಶುರುವಾದ ಮೇಲೆ, ಅದೇ ಗೈಗ್ಯಾಕ್ಸ್ ಎಲ್ಲರೂ ಅಧಿಕೃತ ನಿಯಮದಂತೆಯೇ ಆಡಬೇಕು ಅಂತ ಪಟ್ಟು ಹಿಡಿದ. ಇದು ಅವನ ದ್ವಂದ್ವ ಮಾತ್ರ ಅಲ್ಲ, ಆಟದ 50 ವರ್ಷದ ಇತಿಹಾಸದ ದ್ವಂದ್ವ.

ಏನೇನು ಕಳಚಿಬಿತ್ತು

ಈ 50 ವರ್ಷದಲ್ಲಿ ಆಟದಿಂದ ಏನೇನು ಹೋಯ್ತು ನೋಡಿ. ಮೊದಲ ಪುಸ್ತಕಗಳಲ್ಲಿ 'ಹಾಬಿಟ್' ಇದ್ದರು. ಅದು ಟೋಲ್ಕಿನ್ ಕಾದಂಬರಿಗಳ ಹೆಸರು. ಹಕ್ಕುದಾರರಿಂದ ತಕರಾರು ಬಂತು, 1970ರ ದಶಕದಲ್ಲೇ ಅವರು 'ಹಾಫ್‌ಲಿಂಗ್' ಆದರು. ಆಡೋರು ಮಾರನೇ ದಿನವೂ ಆಡಿದರು. ರಕ್ಷಾಕವಚದ ಅಂಕಿ ಆಗ ಕಡಿಮೆ ಇದ್ದಷ್ಟೂ ಒಳ್ಳೇದು. 2000ದ ಮೂರನೇ ಆವೃತ್ತಿ ಅದನ್ನು ಪೂರ್ತಿ ತಿರುಗಿಸಿ ಹೆಚ್ಚಿದ್ದಷ್ಟೂ ಒಳ್ಳೇದು ಅಂತ ಮಾಡಿತು. 2024ರ ಪರಿಷ್ಕೃತ ಪುಸ್ತಕದಲ್ಲಿ 'ರೇಸ್' ಅನ್ನೋ ಪದವೇ ಹೋಗಿ 'ಸ್ಪೀಶೀಸ್' ಬಂತು. ಒಂದಷ್ಟು ದಿನ ಗಲಾಟೆ, ಆಮೇಲೆ ಆಟ.

ಇವೆಲ್ಲಕ್ಕಿಂತ ಆಳದ ಬದಲಾವಣೆ ಬಗ್ಗೆ ಗಲಾಟೆ ಕಡಿಮೆ ಆಯ್ತು ಅನ್ನೋದು ನನ್ನ ತಕರಾರು. ಶುರುವಿನಲ್ಲಿ ಪಾತ್ರ ಬೆಳೆಯೋದು ಹೆಚ್ಚಾಗಿ ಸುರಂಗದಿಂದ ಹೊರಗೆ ತಂದ ಚಿನ್ನದ ಲೆಕ್ಕದಲ್ಲಿ. ರಾಕ್ಷಸನನ್ನು ಕೊಂದರೆ ಸಿಗೋದು ಚಿಲ್ಲರೆ ಅಂಕ. ಹಾಗಾಗಿ ಬುದ್ಧಿವಂತ ಆಟಗಾರ ರಾಕ್ಷಸ ಮಲಗಿದ್ದಾಗ ಚಿನ್ನ ಎತ್ತಿಕೊಂಡು ಓಡ್ತಿದ್ದ. ಮುಂದೆ ಚಿನ್ನದ ಅಂಕ ಹಿಂದೆ ಸರಿದು ಕೊಂದದ್ದಕ್ಕೇ ಹೆಚ್ಚು ಅಂಕ ಸಿಗೋ ಹಾಗಾಯ್ತು. ಆಟಗಾರರು ಕೊಲ್ಲೋಕೆ ಶುರುಮಾಡಿದರು. ಯಾವುದಕ್ಕೆ ಕೂಲಿಯೋ ಆ ಕೆಲಸ. ಕೊಬ್ಬರಿಗೆ ತೂಕದ ಮೇಲೆ ರೇಟೋ ಗಾತ್ರದ ಮೇಲೆ ರೇಟೋ ಅನ್ನೋದರಿಂದ ತೋಟದ ಲೆಕ್ಕಾಚಾರವೇ ಬದಲಾಗುತ್ತಲ್ಲ, ಹಾಗೆ.

ಕಂಪನಿಯ ಪಟ್ಟಿ

ಆಟದ ಗುರುತು ಯಾವುದರಲ್ಲಿದೆ ಅಂತ ಕಂಪನಿಯೇ ಒಂದು ಪಟ್ಟಿ ಬರೆದು ಇಟ್ಟಿದೆ ಅಂದ್ರೆ ನಂಬ್ತೀರಾ? ಆಟದ ಮೂಲ ಕಂಪನಿ ಟಿಎಸ್ಆರ್ ಅನ್ನು 1997ರಲ್ಲಿ ವಿಜಾರ್ಡ್ಸ್ ಆಫ್ ದಿ ಕೋಸ್ಟ್ ಕೊಂಡಿತು. 1999ರಲ್ಲಿ ಅದನ್ನು ಆಟಿಕೆ ಕಂಪನಿ ಹ್ಯಾಸ್ಬ್ರೋ ಕೊಂಡಿತು. 2000ದಲ್ಲಿ ವಿಜಾರ್ಡ್ಸ್ 'ಓಪನ್ ಗೇಮ್ ಲೈಸೆನ್ಸ್' ಅಂತ ತಂದಿತು: ನಮ್ಮ ನಿಯಮದ ಪಠ್ಯ ಬಳಸಿ ನೀವೂ ಪುಸ್ತಕ ಮಾಡಿ, ಮಾರಿ. ಜೊತೆಗೆ ಇವನ್ನು ಮಾತ್ರ ಮುಟ್ಟಬೇಡಿ ಅಂತ ಒಂದು ಪಟ್ಟಿ. ಪಟ್ಟಿಯ ಹೆಸರೇ 'ಪ್ರಾಡಕ್ಟ್ ಐಡೆಂಟಿಟಿ'. ಅದರಲ್ಲಿ ಏನಿದೆ? ಬಿಹೋಲ್ಡರ್ ಅನ್ನೋ, ಗಾಳಿಯಲ್ಲಿ ತೇಲುವ ಗುಂಡನೆಯ ಬಹುಕಣ್ಣಿನ ರಾಕ್ಷಸ. ಮೈಂಡ್ ಫ್ಲೇಯರ್ ಅನ್ನೋ, ಮಿದುಳು ತಿನ್ನುವ ರಾಕ್ಷಸ. ಇಂಥವೇ ಇನ್ನಷ್ಟು. ವಕೀಲರ ಪ್ರಕಾರ ಆಟದ ಗುರುತು ಅಂದ್ರೆ ಕಾಯಿಯ ಸಿಪ್ಪೆ. ಒಳಗಿನ ಕೊಬ್ಬರಿ ಪಟ್ಟಿಯಲ್ಲಿಲ್ಲ.

ಇರೋಕೂ ಸಾಧ್ಯ ಇರಲಿಲ್ಲ. ಆಟ ಆಡುವ ವಿಧಾನಕ್ಕೆ ಕಾಪಿರೈಟ್ ಸಿಗಲ್ಲ, ಅದನ್ನು ಬರೆದ ಮಾತುಗಳಿಗೆ ಸಿಗುತ್ತೆ. 1879ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಲೆಕ್ಕಪತ್ರ ಬರೆಯುವ ಪದ್ಧತಿಯೊಂದರ ಬಗ್ಗೆ ಬೇಕರ್ ವಿರುದ್ಧ ಸೆಲ್ಡನ್ ಪ್ರಕರಣದಲ್ಲಿ ಹೇಳಿದ್ದು ಈ ಅರ್ಥದ್ದೇ. ನಮ್ಮ ಸುಪ್ರೀಂ ಕೋರ್ಟ್ 1978ರಲ್ಲಿ ಆರ್.ಜಿ. ಆನಂದ್ ಪ್ರಕರಣದಲ್ಲಿ, ನಾಟಕವೊಂದರ ವಸ್ತುವನ್ನು ಸಿನಿಮಾದವರು ಕದ್ದರು ಅನ್ನೋ ದೂರಿನ ಮೇಲೆ, ವಸ್ತುವಿಗೆ ಹಕ್ಕಿಲ್ಲ, ಅದನ್ನು ಹೇಳಿದ ರೀತಿಗೆ ಹಕ್ಕು ಅಂತ ತೀರ್ಪು ಕೊಟ್ಟಿತು.

ಹೀಗಿದ್ದೂ 2023ರ ಜನವರಿಯಲ್ಲಿ ಹೊಸ ಲೈಸೆನ್ಸಿನ ಕರಡೊಂದು ಸೋರಿಕೆ ಆಯ್ತು. ಹಳೆಯ ಲೈಸೆನ್ಸ್ ಇನ್ನು ನಡೆಯಲ್ಲ, ವರ್ಷಕ್ಕೆ 7.5 ಲಕ್ಷ ಡಾಲರ್ ದಾಟಿದ ಪ್ರಕಾಶಕರು ಅದರ ಮೇಲಿನ ಮೊತ್ತಕ್ಕೆ ಶೇ. 25ರವರೆಗೆ ಕಪ್ಪ ಕೊಡಬೇಕು. ಲಾಭದ ಮೇಲಲ್ಲ, ವಹಿವಾಟಿನ ಮೇಲೆ. ಪುಸ್ತಕ ವ್ಯಾಪಾರದಲ್ಲಿ ಯಾರಿಗೆ ಶೇ. 25 ಉಳಿಯುತ್ತೆ? 20 ವರ್ಷದಿಂದ ಆ ಲೈಸೆನ್ಸ್ ನಂಬಿ ಬದುಕು ಕಟ್ಟಿಕೊಂಡಿದ್ದವರ ಕಾಲಡಿಯ ನೆಲ ಅಲ್ಲಾಡಿತು. ಆಟಗಾರರು ಕಂಪನಿಯ ಆನ್‌ಲೈನ್ ಚಂದಾ ರದ್ದು ಮಾಡತೊಡಗಿದರು. ಜನವರಿ 27ಕ್ಕೆ ಕಂಪನಿ ಪೂರ್ತಿ ಹಿಂದೆ ಸರಿಯಿತು. ಹಳೆ ಲೈಸೆನ್ಸ್ ಉಳಿಯಿತು. ಅಷ್ಟೇ ಅಲ್ಲ, ಮೂಲ ನಿಯಮದ ಸುಮಾರು 400 ಪುಟಗಳ ದಾಖಲೆಯನ್ನು ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸಿನಡಿ ಬಿಟ್ಟುಕೊಟ್ಟಿತು. ಒಮ್ಮೆ ಹಾಗೆ ಬಿಟ್ಟದ್ದನ್ನು ವಾಪಸ್ ಪಡೆಯೋಕೆ ಬರಲ್ಲ.

ಹಾಗಾದ್ರೆ ನಾಲ್ಕನೇ ಆವೃತ್ತಿ?

ಇಲ್ಲಿ ಓದುಗರಲ್ಲಿ ಆಡಿ ಗೊತ್ತಿರುವವರು ನನ್ನನ್ನು ಹಿಡೀಬಹುದು. ಪಾತ್ರ, ದಾಳ, ಏನು ಬೇಕಾದರೂ ಪ್ರಯತ್ನಿಸುವ ಸ್ವಾತಂತ್ರ್ಯ, ಅದನ್ನು ತೀರ್ಮಾನಿಸೋಕೆ ಒಬ್ಬ ಮನುಷ್ಯ. ಇಷ್ಟೇ ಸಾಕಾಗಿದ್ರೆ 2008ರ ನಾಲ್ಕನೇ ಆವೃತ್ತಿಯಲ್ಲಿ ಎಲ್ಲವೂ ಇತ್ತಲ್ಲ? ಆದರೂ ಹಳೇ ಆಟಗಾರರು 'ಇದು ಡಿ ಅಂಡ್ ಡಿ ಅಲ್ಲ' ಅಂತ ಎದ್ದುಹೋದರಲ್ಲ? ಪೈಜೋ ಅನ್ನೋ ಕಂಪನಿ ಮೂರನೇ ಆವೃತ್ತಿಯ ನಿಯಮವನ್ನೇ ಸ್ವಲ್ಪ ತಿದ್ದಿ 2009ರಲ್ಲಿ 'ಪಾತ್‌ಫೈಂಡರ್' ಅಂತ ತಂದಾಗ ಜನ ಆ ಕಡೆ ಹೋದರು. ಮೂಲ ಹೆಸರು ಒಂದು ಕಡೆ, ಮೂಲ ಆಟ ಇನ್ನೊಂದು ಕಡೆ.

ಪ್ರಶ್ನೆ ಸರಿಯಾಗಿದೆ. ಆ ನಾಲ್ಕು ಅಂಶ ಇಡೀ ಪ್ರಕಾರದ ಗುರುತು, ಈ ಒಂದು ಆಟದ್ದಲ್ಲ. 1978ರ 'ರೂನ್‌ಕ್ವೆಸ್ಟ್'ನಲ್ಲಿ ಹಂತಗಳೇ ಇಲ್ಲ, ಅದೂ ಇದೇ ಪ್ರಕಾರದ್ದು. ಡಿ ಅಂಡ್ ಡಿ ಆಗೋದಕ್ಕೆ ಇನ್ನೇನೋ ಬೇಕು: ಬಲ, ಬುದ್ಧಿಯಂಥ ಆರು ಗುಣಗಳ ಅಂಕ, ಕತ್ತಿಯವನು, ಮಾಂತ್ರಿಕ ಅಂತ ಬೇರೆಬೇರೆ ಕಸುಬು, ಏನೂ ಅಲ್ಲದವನು ಹಂತಹಂತವಾಗಿ ದೊಡ್ಡವನಾಗೋದು. ನಾಲ್ಕನೇ ಆವೃತ್ತಿ ಕತ್ತಿಯವನಿಗೂ ಮಾಂತ್ರಿಕನಿಗೂ ಒಂದೇ ಅಚ್ಚಿನ ಶಕ್ತಿಗಳನ್ನು ಹಂಚಿತು. ಇಂಜಿನಿಯರ್ ಆಗಿ ನೋಡಿದರೆ ಅಚ್ಚುಕಟ್ಟು ವಿನ್ಯಾಸ, ನನಗಂತೂ ಇಷ್ಟ. ಆದ್ರೆ ಮಾಂತ್ರಿಕ ಮಾಂತ್ರಿಕನ ಹಾಗೆ ಅನ್ನಿಸಲಿಲ್ಲ. ತಿಪಟೂರು ತಾಲ್ಲೂಕಿನ ಅರಳಗುಪ್ಪೆ ಹೆಸರಾಗಿರೋದು ಮೂಡಲಪಾಯ ಯಕ್ಷಗಾನಕ್ಕೆ. ಅದರಿಂದ ಮುಖವೀಣೆ ತೆಗೆದು ಕೀಬೋರ್ಡ್ ಇಟ್ಟರೆ ಕಥೆ ಅದೇ, ಪಾತ್ರ ಅದೇ, ಭಾಗವತರೂ ಅವರೇ. ಆದರೂ ಮುಂದೆ ಕೂತ ಅಜ್ಜ ಎದ್ದು ಹೋಗ್ತಾರೆ. ಮುಖವೀಣೆ ಕಡ್ಡಾಯ ಅಂತ ಯಾವ ಪುಸ್ತಕದಲ್ಲೂ ಓದಿ ಅವರು ಹೋದದ್ದಲ್ಲ.

ಆ ಎದ್ದು ಹೋಗುವ ಹಕ್ಕು ಯಾರ ಹತ್ತಿರ ಇದೆಯೋ ಆಟದ ಗುರುತೂ ಅವರ ಹತ್ತಿರ ಇದೆ. ಹೆಸರು ನೋಂದಾಯಿಸಿದವರ ಹತ್ತಿರ ಅಲ್ಲ. 2008ರಲ್ಲಿ ಕಂಪನಿ ಆಟದ ಒಳಭಾಗ ಬದಲಿಸಿ ಹೆಸರು ಉಳಿಸಿಕೊಂಡಿತು, ಜನ ಹೋದರು. 2014ರ ಐದನೇ ಆವೃತ್ತಿಯಲ್ಲಿ ಹಳೆಯ ರುಚಿ ವಾಪಸ್ ತಂದಿತು, ಜನ ಬಂದರು. 2023ರ ಕೊನೆಯಲ್ಲಿ ಪಾತ್‌ಫೈಂಡರ್‌ನವರು ಕಾನೂನಿನ ರಗಳೆ ಬೇಡ ಅಂತ ಡಿ ಅಂಡ್ ಡಿಗೇ ಸೇರಿದ ರಾಕ್ಷಸರು, 'ಅಲೈನ್‌ಮೆಂಟ್' ಅನ್ನೋ ಒಳ್ಳೆಯವ-ಕೆಟ್ಟವ ಪಟ್ಟಿ, ಇವನ್ನೆಲ್ಲ ತೆಗೆದು ಹೊಸ ಪುಸ್ತಕ ತಂದರು. ಅವರ ಆಟಗಾರರು ಎಲ್ಲೂ ಹೋಗಲಿಲ್ಲ.

ಕನ್ನಡದಲ್ಲಿ

ಇದೆಲ್ಲ ನಮಗ್ಯಾಕೆ ಅಂದ್ರೆ, ಆ 400 ಪುಟ ಈಗ ನಮ್ಮದೂ ಹೌದು. ಆ ದಾಖಲೆ ಫ್ರೆಂಚ್, ಜರ್ಮನ್, ಇಟಾಲಿಯನ್, ಸ್ಪ್ಯಾನಿಷ್ ಭಾಷೆಗಳಲ್ಲಿ ಅಧಿಕೃತವಾಗಿಯೇ ಬಂತು. 2024ರ ನಿಯಮಗಳದ್ದೂ 2025ರಲ್ಲಿ ಅದೇ ಲೈಸೆನ್ಸಿನಡಿ ಬಂದಿದೆ. ಕನ್ನಡಕ್ಕೆ ಮಾಡೋಕೆ ಯಾರ ಅನುಮತಿಯೂ ಬೇಡ, ದುಡ್ಡೂ ಕೊಡಬೇಕಾಗಿಲ್ಲ. ಮೂಲ ಯಾರದು ಅಂತ ಒಂದು ಸಾಲು ಅಚ್ಚು ಹಾಕಬೇಕು, ಬದಲಾಯಿಸಿದ್ರೆ ಬದಲಾಯಿಸಿದ್ದೀವಿ ಅನ್ನಬೇಕು. ಇಂಗ್ಲಿಷ್ ಬಂದ ಬೆಂಗಳೂರಿನ ಹುಡುಗರು ಕಾಫಿ ಅಂಗಡಿಯಲ್ಲಿ ಕೂತು ಆಡೋ ಆಟ ಇದು ಅನ್ನೋ ಭಾವನೆ ಇದೆ. ಆಟಕ್ಕೆ ಇಂಗ್ಲಿಷಿನ ಹಂಗಿಲ್ಲ. ಮಾತೇ ಬಂಡವಾಳವಾಗಿರುವ ಆಟವನ್ನು ತೊದಲೋ ಭಾಷೆಯಲ್ಲಿ ಆಡಿದರೆ ಅರ್ಧ ಆಟ ಅಲ್ಲೇ ಹೋಯ್ತು.

ಪದಗಳಿಗಂತೂ ಬರ ಇಲ್ಲ. 'ಸೇವಿಂಗ್ ಥ್ರೋ' ಅಂದ್ರೆ ಅಪಾಯದಿಂದ ತಪ್ಪಿಸಿಕೊಳ್ಳೋಕೆ ಹಾಕುವ ದಾಳ. ಚೌಕಾಬಾರದಲ್ಲಿ ಕಾಯಿ ಕಡಿಯೋಕಾಗದ ಮನೆಗೆ ಕಟ್ಟೆ ಅಂತೀವಲ್ಲ, 'ಕಟ್ಟೆ ಗರ' ಅಂದ್ರೆ ಮುಗೀತು, ಯಾವ ಮಗುವಿಗೂ ಅರ್ಥ ಆಗುತ್ತೆ. ಡಂಜನ್ ಮಾಸ್ಟರಿಗೆ ಭಾಗವತ ಅನ್ನೋ ಹೆಸರು ಕಾದು ಕೂತಿದೆ. 'ಲೆವೆಲ್' ಅನ್ನೋದು ಕನ್ನಡವೇ ಆಗಿಹೋಗಿದೆ, ಬಿಡಿ. 20 ಮುಖದ ದಾಳ ಸಿಗದಿದ್ರೆ ಆರು ಕವಡೆಯಲ್ಲೂ ನಡೆಯುತ್ತೆ. ಆದ್ರೆ ನಡುವಿನ ಅಂಕಿ ಹೆಚ್ಚು ಬೀಳುತ್ತೆ, ತುದಿಯವು ಅಪರೂಪ, ಹಾಗಾಗಿ ಕಷ್ಟದ ಅಂಕಿಗಳನ್ನು ಹೊಸದಾಗಿ ಕೂರಿಸಬೇಕು. ಒಂದು ಭಾನುವಾರದ ಲೆಕ್ಕ.

ಬಿಹೋಲ್ಡರ್ ಮಾತ್ರ ಸಿಗಲ್ಲ, ಅದು ಕಂಪನಿಯ ಪಟ್ಟಿಯಲ್ಲಿದೆ. ಕೊಳ್ಳಿದೆವ್ವ, ಬ್ರಹ್ಮರಾಕ್ಷಸ, ಮೋಹಿನಿ ಯಾರ ಪಟ್ಟಿಯಲ್ಲೂ ಇಲ್ಲ. ರಾತ್ರಿ ತೋಟಕ್ಕೆ ನೀರು ಬಿಡೋಕೆ ಹೋದವನಿಗೆ ಎದುರಾಗುವ ಚಿರತೆಗೆ ಎಷ್ಟು ಬಲ, ಎಷ್ಟು ಚುರುಕು ಅಂತ ಅಂಕ ಹಾಕೋಕೆ ಶೆಟ್ಟಿಕೆರೆಯವರಿಗಿಂತ ಗೊತ್ತಿರುವವರು ಸಿಗೋದು ಕಷ್ಟ.